ಹಿಂದಿನ ಸೀಟಿನ ಭಾರ

ಕಾಪು ಪೇಟೆಯಿಂದ ಲೈಟ್‌ಹೌಸಿನ ಕಡೆಗೆ ಹೋಗುವ ದಾರಿಯಲ್ಲಿ ಎಡ್ವಿನ್ ಪೊರ್ಬುಗಳ ಮನೆ ಯಾವುದೆಂದು ಯಾರನ್ನು ಕೇಳಿದರೂ "ಜಗಲಿಯಲ್ಲಿ ಕಾರಿನ ಸೀಟು ಉಂಟಲ್ಲ, ಅದೇ" ಎನ್ನುತ್ತಾರೆ. ಪೊರ್ಬುಗಳು ಎಂದರೆ ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಮಾತು. ಎಡ್ವಿನ್‌ಗೆ ಪೇಟೆಯಲ್ಲೊಂದು ಕನ್ನಡಕದ ಅಂಗಡಿ. ಊರಿನ ಅರ್ಧ ಜನಕ್ಕೆ ಹತ್ತಿರದ್ದು, ದೂರದ್ದು ಎಲ್ಲ ಕಾಣಿಸಿಕೊಟ್ಟ ಮನುಷ್ಯ. ತನ್ನ ಜಗಲಿಯಲ್ಲಿ ಕೂತವಳು ಮಾತ್ರ ಬಹಳ ಕಾಲ ಅವನ ಕಣ್ಣಿಗೆ ಬೀಳಲಿಲ್ಲ. ಆ ಕಥೆಯೇ ಇದು.

ಕಾರು ಅವನು ಹೊಸದಾಗಿ ಕೊಂಡದ್ದಲ್ಲ. ಮಣಿಪಾಲದ ಡಾಕ್ಟರೊಬ್ಬರು ವಯಸ್ಸಾಯಿತೆಂದು ಮಾರಿದ್ದು. ಉದ್ದ ಮೂತಿ, ಅಗಲ ಬೆನ್ನು, ಬೆಣ್ಣೆ ಬಣ್ಣ. ಹಿಂದಿನ ಸೀಟಿನಲ್ಲಿ ಮೂರು ಜನ ಕಾಲು ಚಾಚಿ ಕೂರಬಹುದು. ಅದರ ಸ್ವರ ಕೇಳಿದರೆ ಎಡ್ವಿನ್‌ಗೆ ಇಗರ್ಜಿಯ ಕೊಯರ್ ಕೇಳಿದಷ್ಟು ಖುಷಿ. ಕುಡಿಯುವ ವಿಷಯದಲ್ಲಿ ಮಾತ್ರ ಅದು ಮಹಾ ಧಾರಾಳಿ. ಪೆಟ್ರೋಲು ಅಗ್ಗವಿದ್ದ ಕಾಲದಲ್ಲಿ ಅದನ್ನು ಯಾರೂ ದೋಷ ಎನ್ನುತ್ತಿರಲಿಲ್ಲ. ದೊಡ್ಡ ಮನೆತನದ ಲಕ್ಷಣ ಎನ್ನುತ್ತಿದ್ದರು.

ಇವನ ಹಾಗೇ ತಲೆಕೆಟ್ಟ ಕೆಲವರು ಸೇರಿ 'ಕಡಲ ತಡಿ ಕಾರುಪ್ರಿಯರ ಬಳಗ' ಎಂದು ಕಟ್ಟಿಕೊಂಡಿದ್ದರು. ದುಬಾಯಿಯಿಂದ ವಾಪಸು ಬಂದ ಝಾಕಿರ್ ಅಧ್ಯಕ್ಷ. ಮೊದಮೊದಲು ಪ್ರತಿ ಭಾನುವಾರ ಆಗುಂಬೆ ಘಾಟಿ ಹತ್ತಿ, ಮೇಲೆ ಒಂದು ಚಾ ಕುಡಿದು ಇಳಿಯುವುದು. ಪೆಟ್ರೋಲಿನ ದರ ಏರಿತು. ಕಾರ್ಕಳದ ಚಾ ಕೂಡ ಒಳ್ಳೆಯದೇ ಎಂದು ತೀರ್ಮಾನವಾಯಿತು. ಇನ್ನೂ ಏರಿತು. ಮಣಿಪಾಲದಲ್ಲಿ ಎಂತ ಚಾ ಇಲ್ಲವಾ ಎಂದರು. ನೂರು ದಾಟಿದ ಮೇಲೆ ಕಾಪುವಿನ ಬೀಚಿನಲ್ಲೇ ಕಾರು ನಿಲ್ಲಿಸಿ, ಬಾನೆಟ್ಟು ತೆಗೆದು, ಇಂಜಿನ್ನನ್ನು ನೋಡುತ್ತಾ ಫ್ಲಾಸ್ಕಿನ ಚಾ ಕುಡಿಯತೊಡಗಿದರು. ಕೊನೆಗೊಂದು ಭಾನುವಾರ ಎಲ್ಲರೂ ಬಂದು ಸೇರಿ, ಇಂಜಿನ್ನಿನ ಸ್ವರವನ್ನು ಮೊಬೈಲಿನಲ್ಲಿ ಕೇಳಿ, ತಲೆದೂಗಿ, ಹೊರಡುವಾಗ ನೋಡುತ್ತಾರೆ: ಒಬ್ಬನೂ ಕಾರು ತಂದಿರಲಿಲ್ಲ! ಝಾಕಿರ್ ತನ್ನ ಹೆಂಡತಿ ರಿಝಾನಾಳ ಕರೆಂಟು ಸ್ಕೂಟರಿನಲ್ಲಿ ಬಂದಿದ್ದ. ಎಡ್ವಿನ್ ನಡೆದುಕೊಂಡು ಬಂದಿದ್ದ.

"ಹೀಗಾದರೆ ಬಳಗದ ಮರ್ಯಾದೆ ಎಂತ ಉಳಿಯಿತು ಮಾರಾಯ್ರೇ?" ಎಂದ ಝಾಕಿರ್. "ಕಾರು ಓಡಿಸಬೇಕು. ಪೆಟ್ರೋಲು ಮುಗಿಯಬಾರದು. ಅದೇ ಈಗ ನಿಜವಾದ ಡ್ರೈವಿಂಗು."

ಈ ಮಾತು ಎಡ್ವಿನ್‌ನ ತಲೆಯೊಳಗೆ ಹುಳ ಬಿಟ್ಟಿತು. ಪೆಟ್ರೋಲು ತಂಪಾಗಿದ್ದರೆ ಗಟ್ಟಿ ಇರುತ್ತದೆಂದು ಯಾರೋ ಹೇಳಿದರು. ಬೆಳಕು ಹರಿಯುವ ಮೊದಲೇ ಬಂಕಿನ ಮುಂದೆ ಹೋಗಿ ನಿಂತ. ತುಂಬಿಸಿದ ಮೇಲೆ ಕಾರನ್ನು ಹಿಡಿದು ಅಲುಗಾಡಿಸಿ, ಇನ್ನೊಂದು ತೊಟ್ಟು ಹಿಡಿಯುತ್ತದಾ ನೋಡಿದ. ಮಣಿಪಾಲದಿಂದ ಉಡುಪಿಗೆ ಇಳಿಜಾರು ಅಲ್ವಾ? ಇಂಜಿನ್ನು ಬಂದ್ ಮಾಡಿ ನ್ಯೂಟ್ರಲ್ಲಿನಲ್ಲಿ ಜಾರಿಬಿಟ್ಟ. ಕಲ್ಸಂಕದ ಹತ್ತಿರ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗಿ, ಸಿಟಿ ಬಸ್ಸಿನ ಬೆನ್ನಿಗೆ ಮುತ್ತು ಕೊಡುವುದೊಂದು ಬಾಕಿ. ಬುದ್ಧಿ ಬಂತಾ? ಎಲ್ಲಿಯ ಬುದ್ಧಿ! "ಮಣಿಪಾಲದಿಂದ ಕಲ್ಸಂಕದವರೆಗೆ ಫ್ರೀ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಆಮೇಲೆ ಶುರುವಾದದ್ದು ಭಾರ ಇಳಿಸುವ ರೋಗ. ಕಾರು ಹಗುರವಾದಷ್ಟೂ ಮೈಲೇಜು. ಮೊದಲು ಸ್ಟೆಪ್ನಿ ಹೋಯಿತು, ಜಾಕಿ ಹೋಯಿತು. ಕಾಲಡಿಯ ಮ್ಯಾಟು ಹೋಯಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಮಾತೆ ಮರಿಯಮ್ಮನ ಪ್ರತಿಮೆ ಕಂಚಿನದ್ದು. ಅದನ್ನು ತೆಗೆದು ಚಿತ್ರ ಅಂಟಿಸಿದ. ಒಂದು ದಿನ ಹಿಂದಿನ ಸೀಟನ್ನೇ ಬಿಚ್ಚಿ ತಂದು ಜಗಲಿಯಲ್ಲಿಟ್ಟ.

ಅವನ ಹೆಂಡತಿ ಬರ್ತಾ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. "ಇನ್ನು ನಾನು ಎಲ್ಲಿ ಕೂರುವುದು?"

"ಮುಂದೆ ಉಂಟಲ್ಲ."

ಹೇಳಿದ ಹೌದು. ಆದರೆ ಹೇಳುವಾಗ ಅವನ ಕಣ್ಣು ಬರ್ತಾಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆಯಿತು. ಬರ್ತಾ ಸಪೂರದವಳಲ್ಲ. ಇಬ್ಬರು ಮಕ್ಕಳನ್ನು ಹೆತ್ತು, ಅತ್ತೆಯ ಚಾಕರಿ ಮಾಡಿ, ಮಂಡಿನೋವಿನಲ್ಲಿ ಕೂತೆದ್ದು ಮಾಡುವ ಹೆಂಗಸು. ಆ ಕಣ್ಣಿನ ಅಳತೆ ಅವಳಿಗೆ ಗೊತ್ತಾಯಿತು. ಸೀಟಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಅಂದಿನಿಂದ ಇಗರ್ಜಿಗೆ ಅವಳು ರಿಕ್ಷಾದಲ್ಲಿ, ಅವನು ಕಾರಿನಲ್ಲಿ. ಉಡುಪಿಗೆ ಅವಳು ಬಸ್ಸಿನಲ್ಲಿ, ಅವನು ಕಾರಿನಲ್ಲಿ. ನೋಡಿದವರು ಗಂಡ-ಹೆಂಡತಿಗೆ ಮಾತುಕತೆ ಇಲ್ಲವೆಂದುಕೊಂಡರು. ಪಾಪ, ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು.

ಹೀಗಿರುವಾಗ ಕಾರ್ಕಳದಿಂದ ಬರ್ತಾಳ ತಂಗಿ ಆನ್ಸಿಲ್ಲಾ ಫೋನು ಮಾಡಿದಳು. ಮಗಳು ಮೆಲಿಷಾಳ ಮದುವೆ. ಮದುವೆಯ ಮುಂಚಿನ ದಿನ ಸಂಜೆ ರೋಸ್. ಮದುಮಗಳನ್ನು ಕೂರಿಸಿ, ಹಿರಿಯರು ಒಬ್ಬೊಬ್ಬರಾಗಿ ತಲೆಗೆ ತೆಂಗಿನಹಾಲು ಹಚ್ಚಿ ಹರಸುವ ಶಾಸ್ತ್ರ. ಮೆಲಿಷಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡ ಧರ್ಮತಾಯಿ ಬರ್ತಾ, ಧರ್ಮತಂದೆ ಎಡ್ವಿನ್. ಹೆತ್ತವರ ನಂತರ ಮೊದಲ ಕೈ ಇವರದ್ದು, ಅದೂ ಜೋಡಿಯಾಗಿ.

"ಕಾಯಿ ನಮ್ಮ ಹಿತ್ತಿಲಿನದ್ದೇ ಆಗಬೇಕು," ಎಂದಳು ಬರ್ತಾ. ಮೆಲಿಷಾ ಹುಟ್ಟಿದ ವರ್ಷ ತಾನೇ ನೆಟ್ಟ ಮರವದು. ಅದರ ಹಾಲನ್ನು ಆ ಹುಡುಗಿಯ ತಲೆಗೆ ಹಚ್ಚಬೇಕೆಂದು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಬೇರೆ ಆಸೆ ಅವಳಿಗೆ ಜಾಸ್ತಿ ಇರಲಿಲ್ಲ.

ಗ್ರಹಚಾರ ನೋಡಿ, ಬಳಗದ 'ಬಾಟ್ಲಿ ಪಂದ್ಯ' ಗೊತ್ತಾದದ್ದೂ ಅದೇ ದಿನಕ್ಕೆ. ಟ್ಯಾಂಕು ಪೂರಾ ಖಾಲಿ ಮಾಡಬೇಕು. ಒಂದು ಲೀಟರಿನ ಬಾಟ್ಲಿಯಲ್ಲಿ ಪೆಟ್ರೋಲು ತುಂಬಿಸಿ, ಅದರಿಂದ ಇಂಜಿನ್ನಿಗೆ ಪೈಪು ಕೊಡಬೇಕು. ಕಾಪುವಿನಿಂದ ಹೊರಟು ಶಿರ್ವ, ಬೆಳ್ಮಣ್ ದಾರಿಯಲ್ಲಿ ಕಾರ್ಕಳದ ಕಡೆಗೆ. ಯಾರ ಕಾರು ಹೆಚ್ಚು ದೂರ ಹೋಗಿ ನಿಲ್ಲುತ್ತದೋ ಅವರಿಗೆ ಬಹುಮಾನದ ಕಪ್ಪು.

"ದೇವರೇ ಕೂಡಿಸಿಕೊಟ್ಟದ್ದು!" ಎಂದ ಎಡ್ವಿನ್. "ಪಂದ್ಯವೂ ಕಾರ್ಕಳದ ದಾರಿ, ರೋಸೂ ಕಾರ್ಕಳದಲ್ಲಿ."

ಬರ್ತಾಳ ಮುಖ ಅರಳಿತು. "ಹಾಗಾದರೆ ಕಾಯಿಯ ಚೀಲ ಕಾರಿನಲ್ಲೇ ಇಡುವ."

ಎಡ್ವಿನ್ ಕನ್ನಡಕ ತೆಗೆದು ಒರೆಸಿದ. ಗಿರಾಕಿಗೆ ಪವರ್ ಜಾಸ್ತಿಯಾಗಿದೆಯೆಂದು ಹೇಳುವಾಗ ಅವನು ಹೀಗೇ ಒರೆಸುವುದು. "ಅದು ಹಾಗಲ್ಲ ಬರ್ತಾ. ಪಂದ್ಯ ಅಲ್ವಾ? ಒಂದು ದಿನದ ಮಟ್ಟಿಗೆ..."

"ಕಾಯಿ ಭಾರವಾ, ನಾನಾ?"

"ಎರಡೂ ಅಂತ ನಾನು ಎಲ್ಲಿ ಹೇಳಿದೆ?"

ಹೇಳಿಯೇ ಬಿಟ್ಟಿದ್ದ! ರೋಸಿನ ದಿನ ಮಧ್ಯಾಹ್ನ ಊಟವಾದದ್ದೇ ಬರ್ತಾ ರೇಷ್ಮೆ ಸೀರೆ ಉಟ್ಟು, ಕಾಯಿಯ ಚೀಲ ಎತ್ತಿಕೊಂಡು ಹೊರಟಳು. ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಕಾರ್ಕಳಕ್ಕೆ ಇನ್ನೊಂದು. ಗೇಟಿನ ಹತ್ತಿರ ತಿರುಗಿ, "ಹಾಲು ಹಚ್ಚುವ ಹೊತ್ತಿಗಾದರೂ ನನ್ನ ಪಕ್ಕದಲ್ಲಿ ಇರಿ" ಎಂದಳು. ಅಷ್ಟೇ.

ಎಡ್ವಿನ್ ರೋಸಿಗೆಂದು ಹೊಲಿಸಿದ ಸೂಟು ಹಾಕಿಕೊಂಡೇ ಕಾರು ಹತ್ತಿದ. ಪಂದ್ಯ ಮುಗಿದ ಮೇಲೆ ಹಾಕಲೆಂದು ಇನ್ನೊಂದು ಬಾಟ್ಲಿ ಪೆಟ್ರೋಲು ತೆಗೆದಿಟ್ಟಿದ್ದ. ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಹಿಂದಿನಿಂದ ಝಾಕಿರ್ ಹೇಗೂ ಅಂಪೈರಾಗಿ ಬರುತ್ತಾನಲ್ಲ, ತರಿಸಿಕೊಂಡರಾಯಿತು ಎಂದು ಅದನ್ನೂ ಜಗಲಿಯ ಮೂಲೆಯಲ್ಲೇ ಬಿಟ್ಟ.

ಏನು ಹೇಳಲಿ ಆ ಸವಾರಿಯನ್ನು! ಕಿಟಕಿ ತೆರೆದರೆ ಗಾಳಿ ತಡೆಯುತ್ತದೆಂದು ನಾಲ್ಕೂ ಗಾಜು ಮುಚ್ಚಿದ್ದ. ಎ.ಸಿ. ಹಾಕುವ ಮಾತೇ ಇಲ್ಲ. ಒಳಗೆ ಪೊರ್ಬುಗಳು ಇಡ್ಲಿಯ ಹಾಗೆ ಬೆಂದರು. ಸೈಕಲಿನವರು ದಾಟಿಹೋದರು, ಹಾಲಿನ ಕ್ಯಾನಿನ ಮುದುಕನೊಬ್ಬ ದಾಟಿಹೋಗಿ ಮರುಕದಿಂದ ತಿರುಗಿ ನೋಡಿದ. ಶಿರ್ವದ ಏರಿನಲ್ಲಿ ಬಳಗದ ಸದಸ್ಯ, ಮಣಿಪಾಲದ ತಿಲಕನ ಹೊಸ ಕಾರು ಉಸಿರು ನಿಲ್ಲಿಸಿ ಬದಿಯಲ್ಲಿ ನಿಂತಿತ್ತು. ಎಡ್ವಿನ್ ಕೈಬೀಸಿದ, ಬ್ರೇಕು ಒತ್ತಲಿಲ್ಲ. ಪಡುಬಿದ್ರಿಯ ರಸ್ತೆ ಬಂದು ಸೇರುವ ಬೆಳ್ಮಣ್ ದಾಟಿದಾಗ ಬಳಗದ ಬೇರೆ ಯಾವ ಕಾರೂ ಹಿಂದೆ ಕಾಣಿಸುತ್ತಿರಲಿಲ್ಲ. "ಗೆದ್ದೆ!" ಎಂದು ಒಬ್ಬನೇ ಕೂಗಿದ. ಕೂಗಿ ಮುಗಿಯುವಷ್ಟರಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು.

ಝಾಕಿರ್‌ಗೆ ಫೋನು ಮಾಡಿದ.

"ಪೊರ್ಬುಗಳೇ, ಕಂಗ್ರಾಜುಲೇಶನ್ಸ್! ಕಪ್ಪು ನಿಮ್ಮದೇ."

"ಕಪ್ಪು ಇರಲಿ ಮಾರಾಯ, ನೀನು ಎಲ್ಲಿದ್ದಿ? ಒಂಚೂರು ಪೆಟ್ರೋಲು ತಾ."

"ನಾನು ಶಿರ್ವದಲ್ಲಿ. ಸ್ಕೂಟರನ್ನು ಚಾರ್ಜಿಗಿಡಲು ರಿಝಾನಾ ಹೇಳಿದ್ದಳು, ನಾನು ಮರೆತೆ. ಈಗ ಒಂದು ಹೋಟೆಲಿನಲ್ಲಿ ವಯರು ಸಿಕ್ಕಿಸಿ ಚಾ ಕುಡಿಯುತ್ತಾ ಇದ್ದೇನೆ. ಸ್ವಲ್ಪ ಹೊತ್ತಾಗಬಹುದು."

ಎಡ್ವಿನ್ ರಸ್ತೆಬದಿಯಲ್ಲಿ ನಿಂತ. ಬಿಸಿಲು ಇಳಿಯುತ್ತಿತ್ತು. ಕಾರ್ಕಳದಲ್ಲಿ ಈಗ ಚಪ್ಪರದಡಿ ಜನ ಸೇರಿರಬಹುದು. ಧರ್ಮತಂದೆಯನ್ನು ಕರೆದಾಗ ಬರ್ತಾ ಒಬ್ಬಳೇ ಎದ್ದು ನಿಲ್ಲುವುದು ಕಣ್ಣಮುಂದೆ ಬಂತು. ಕೈ ತೋರಿಸಿದ ವಾಹನಗಳೆಲ್ಲ ಭರ್ರನೆ ಹೋದವು. ಸೂಟು ಹಾಕಿಕೊಂಡು ಅಷ್ಟು ದೊಡ್ಡ ಕಾರಿಗೆ ಒರಗಿ ನಿಂತವನಿಗೆ ಯಾರು ಲಿಫ್ಟು ಕೊಡುತ್ತಾರೆ?

ಅಷ್ಟರಲ್ಲಿ ಪಡುಬಿದ್ರಿ ಕಡೆಯಿಂದ ಬಸ್ಸೊಂದು ಬಂತು. ದಾಟಿ ಹೋದದ್ದು ಸ್ವಲ್ಪ ಮುಂದೆ ಹೋಗಿ ಗಕ್ಕನೆ ನಿಂತಿತು. ಕಿಟಕಿಯಲ್ಲಿ ಬರ್ತಾಳ ಮುಖ. ಎಡ್ವಿನ್ ಓಡಿದ.

"ಬೇಗ ಬೇಗ! ನಿಮ್ಮ ಮನೆಯವರು ಹೇಳಿದ್ದಕ್ಕೆ ನಿಲ್ಲಿಸಿದ್ದು, ಟೈಮಿಲ್ಲ," ಎಂದ ಕಂಡಕ್ಟರು.

ಎಡ್ವಿನ್ ಬಾಗಿಲ ಸರಳು ಹಿಡಿದವನು ಹಿಂದಕ್ಕೆ ತಿರುಗಿ ನೋಡಿದ. "ಬರ್ತಾ, ಕಾರನ್ನು ದಾರಿಯಲ್ಲಿ ಬಿಟ್ಟು ಹೇಗೆ..."

"ಯಾರು ಕದಿಯುತ್ತಾರೆ? ಪೆಟ್ರೋಲಿಲ್ಲ, ಸೀಟಿಲ್ಲ." ಬರ್ತಾಳ ಸ್ವರ ನಡುಗಿತು. "ಮೆಲಿಷಾ ಕೇಳಿದರೆ ಎಂತ ಹೇಳಲಿ? ಒಂದು ಬಾಟ್ಲಿಗೆ ಇಲ್ಲಿಯವರೆಗೆ ಬಂದರು ಅಂತ ಹೇಳಲಾ?"

ಬಸ್ಸಿನಲ್ಲಿದ್ದವರೆಲ್ಲ ಎಡ್ವಿನ್‌ನನ್ನೇ ನೋಡಿದರು. ಅವನು ಹತ್ತಿದ. "ರೈಟ್, ಪೋಯಿ!" ಎಂದು ಕಂಡಕ್ಟರು ಬಾಗಿಲು ಬಡಿದ.

ಬರ್ತಾ ಸರಿದು ಜಾಗ ಕೊಟ್ಟಳು. ಮಡಿಲಲ್ಲಿದ್ದ ಕಾಯಿಯ ಚೀಲ ಎತ್ತಿ ಅವನ ಮಡಿಲಿಗಿಟ್ಟಳು. "ಹಿಡಿಯಿರಿ. ಬಸ್ಸಿಗೆ ಭಾರ ಗೊತ್ತಾಗುವುದಿಲ್ಲ."

ಚೀಲದ ಹಿಡಿಕೆ ಅವಳ ಅಂಗೈಯಲ್ಲಿ ಕೆಂಪಗೆ ಬರೆ ಎಳೆದಿತ್ತು. ಪಡುಬಿದ್ರಿಯಲ್ಲಿ ಬಸ್ಸು ಕಾಯುತ್ತಾ ಎಷ್ಟು ಹೊತ್ತು ಹಿಡಿದು ನಿಂತಿದ್ದಳೋ. ಎಡ್ವಿನ್‌ಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಿಟಕಿ ತೆರೆದಿತ್ತು, ತಣ್ಣನೆಯ ಗಾಳಿ ಬರುತ್ತಿತ್ತು. ಕಾರ್ಕಳದವರೆಗೂ ಅವನು ಆ ಚೀಲವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಕೂತ.

ಇವರಿಗಾಗಿ ಶಾಸ್ತ್ರ ತಡೆದಿದ್ದರು. ಕಾಯಿ ತುರಿದು, ಹಿಂಡಿ, ಹಾಲು ತೆಗೆಯುವುದಕ್ಕೆ ಹೆಂಗಸರೆಲ್ಲ ಕೈಹಾಕಿದರು. ಹೆತ್ತವರ ಸರದಿ ಮುಗಿದು ಇವರನ್ನು ಕರೆದಾಗ ಎಡ್ವಿನ್ ಬರ್ತಾಳ ಪಕ್ಕದಲ್ಲೇ ಇದ್ದ, ಬೆವರಿನ ಮತ್ತು ಪೆಟ್ರೋಲಿನ ವಾಸನೆಯ ಸಮೇತ. ಇಬ್ಬರೂ ಸೇರಿ ಹುಡುಗಿಯ ತಲೆಗೆ ಹಾಲು ಹಚ್ಚಿದರು. ಬರ್ತಾ ಅತ್ತಳು. ಮೆಲಿಷಾ ಮೂಗು ಸುಕ್ಕಿಸಿ ನಕ್ಕಳು.

ಆಮೇಲೆ ಆನ್ಸಿಲ್ಲಾ ಎಲ್ಲರೆದುರು ಕೇಳಿಯೇಬಿಟ್ಟಳು. "ಎಂತ ಭಾವ, ನಿಮ್ಮ ದೊಡ್ಡ ಕಾರೆಲ್ಲಿ? ಅದರಲ್ಲಿ ಬರುತ್ತೀರಿ ಅಂತ ಗೇಟಿನ ಹತ್ತಿರ ಜಾಗ ಬಿಡಿಸಿದ್ದೆ."

ಉತ್ತರ ಹೇಳಿದವಳು ಬರ್ತಾ. "ನಾನೇ ಬೇಡ ಅಂದದ್ದು. ನನಗೆ ಕಾರಿನಲ್ಲಿ ತಲೆ ತಿರುಗುತ್ತದಲ್ಲ. ಪಾಪ, ನನಗೋಸ್ಕರ ಇವರೂ ಬಸ್ಸಿನಲ್ಲೇ ಬಂದರು."

ಚಪ್ಪರದ ಹೆಂಗಸರೆಲ್ಲ ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು. ಎಡ್ವಿನ್ ತಟ್ಟೆಯಲ್ಲಿದ್ದ ಇಡ್ಲಿಯಂಥ ಸಣ್ಣವನ್ನು ಕೆದಕುತ್ತಾ ಕೂತ.

ಮದುವೆ ಮುಗಿಯಿತು, ಕಾರೂ ಪೆಟ್ರೋಲು ಕುಡಿದು ಮನೆ ಸೇರಿತು. ಝಾಕಿರ್ ಕಪ್ಪು ತಂದುಕೊಟ್ಟ. ಹಿತ್ತಾಳೆಯದ್ದು, ಎತ್ತಲು ಎರಡು ಕೈ ಬೇಕು. "ಕಾರಿನಲ್ಲಿಟ್ಟು ಒಂದು ರೌಂಡು ಹೋಗುವ, ಫೋಟೋ ತೆಗೆಯುವ" ಎಂದ. ಎಡ್ವಿನ್ ಅದನ್ನು ಮೂಲೆಯಲ್ಲಿಟ್ಟು, ಬೋಲ್ಟು ಬಿಗಿಯುವ ಪಾನಾ ಹಿಡಿದುಕೊಂಡು ಜಗಲಿಗೆ ಬಂದ. ಬರ್ತಾ ಸೀಟಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಬರ್ತಾ, ಸ್ವಲ್ಪ ಏಳು."

"ಎಂತಕ್ಕೆ?"

"ಸೀಟು ಕಾರಿಗೆ ಹಾಕಬೇಕು."

"ಮೈಲೇಜು?"

"ಸಾಯಲಿ ಮೈಲೇಜು."

ಬರ್ತಾ ಅವನನ್ನು ನೋಡಿದಳು. ಬೆಳ್ಳುಳ್ಳಿಯ ತಟ್ಟೆಯನ್ನು ಕೆಳಗಿಟ್ಟು, ಸೀರೆ ಸರಿಮಾಡಿಕೊಂಡು, ಮೊದಲಿಗಿಂತಲೂ ಆರಾಮವಾಗಿ ಒರಗಿ ಕೂತಳು.

"ನಾನು ಏಳುವುದಿಲ್ಲ. ಹೀಗೇ ಎತ್ತಿ."