ಬಂಪರ್‌ಗೆ ಜ್ವರ ಬರದಂತೆ ಕಾಯುವ ಬಿಂದುಶ್ರೀ

ಹೂಂ, ಅದೇ ಬಿಂದುಶ್ರೀ! ಬಾಣಾವರದಲ್ಲಿ ಕಾರುಗಳಿಗೆ ಪಾಲಿಶ್ ಹಾಕುತ್ತಾಳೆ ಅಂದೆನಲ್ಲ, ಅವಳೇ. ಆದರೆ ಆ ಪಾಲಿಶ್ ಮಿಷನ್ ಅವಳದು ಹೇಗಾಯಿತು ಅನ್ನುವುದನ್ನೇ ಹೇಳದೆ ಬಿಟ್ಟಿದ್ದೆ. ನಿಜವಾದ ಮಜಾ ಇರುವುದು ಅದರಲ್ಲೇ.

ಮಿಷನ್ ಮೊದಲು ಅವಳ ಸೋದರಮಾವ ಧರ್ಮೇಶನದು. ಮಾವ ಜೀವಮಾನವೆಲ್ಲಾ ಜೀಪು, ಲಾರಿ, ಹಳೇ ಅಂಬಾಸಡರುಗಳ ತಗಡು ಬಡಿದು ನೆಟ್ಟಗೆ ಮಾಡಿದವನು. ಮಂಡಿನೋವು ಶುರುವಾದ ಮೇಲೆ ಶೆಡ್ಡನ್ನು ಬಿಂದುಗೆ ಬಿಟ್ಟ. ಬಿಟ್ಟನೇ ಹೊರತು ನಂಬಲಿಲ್ಲ. "ಇವ್ಳು ಮಿಷನ್ ಒತ್ತಾಕೇ ಹೆದರ್ತಾಳೆ, ದೇವರ ಪಟ ಒರೆಸ್ದಂಗೆ ಒರೆಸ್ತಾಳೆ" ಅಂತ ಊರೆಲ್ಲಾ ಹೇಳಿಕೊಂಡು ಬಂದ. ಅಷ್ಟರಲ್ಲಿ ತಿಪಟೂರಿನವನೊಬ್ಬ ಮಿಷನ್ ಕೊಳ್ಳುತ್ತೇನೆಂದು ಫೋನ್ ಮಾಡಿದ. ಮಾವ ಷರತ್ತು ಹಾಕಿದ: "ನಾಳೆ ಬರೋ ಕಾರ್ನ ನನ್ ಕಣ್ಮುಂದೆ ಪಾಲಿಶ್ ಮಾಡು. ಕಲೆ ಹೋದ್ರೆ ಮಿಷನ್ ನಿಂದು. ಇಲ್ದಿದ್ರೆ ತಿಪಟೂರಿಗೆ."

ಮಿಷನ್ ಹೋದರೆ ಬಿಂದು ಮತ್ತೆ ಶೆಡ್ಡಿನ ಪಕ್ಕದಲ್ಲೇ ಇರುವ ಅಮ್ಮ ಸಾವಿತ್ರಮ್ಮನ ಹೋಟೆಲಿನಲ್ಲಿ ಲೋಟ ತೊಳೆಯಬೇಕು. ಅದು ಅವಳಿಗೆ ಸುತರಾಂ ಇಷ್ಟವಿಲ್ಲ. ಸಾವಿತ್ರಮ್ಮನಿಗೂ ಇಷ್ಟವಿಲ್ಲ, ಏಕೆಂದರೆ ಮಗಳು ತೊಳೆದರೆ ವಾರಕ್ಕೆ ಒಂದು ಡಜನ್ ಲೋಟ ಒಡೆಯುತ್ತವೆ!

ಮರುದಿನ ಬಂದದ್ದು ಚೇತನ್‌ಕುಮಾರನ ಬಿಳೀ ಕಾರು. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಯುವ ಪ್ರವಾಸಿಗರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುವವನು ಅವನು. ಮಾಲೇಕಲ್ಲಿನ ದೇವಸ್ಥಾನದಲ್ಲಿ ಕಾರಿಗೆ ಪೂಜೆ ಮಾಡಿಸುವಾಗ, ಒಣ ಕುಂಕುಮ ಗಾಳಿಗೆ ಹಾರುತ್ತದೆಂದು ಅವನ ಅತ್ತೆಯರೆಲ್ಲಾ ಸೇರಿ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಂಪರ್‌ಗೆ ಬಳಿದುಬಿಟ್ಟಿದ್ದರು. ಬಿಸಿಲಿಗೆ ಅದು ಬಣ್ಣದೊಳಕ್ಕೆ ಇಳಿದು, ಎಷ್ಟು ತೊಳೆದರೂ ಗುಲಾಬಿ ಕಲೆ ಕೂತುಬಿಟ್ಟಿತ್ತು.

"ನಿನ್ನೆ ಬಂದ ಪ್ಯಾಸೆಂಜರ್ ಯಾರಿಗ್ ಗುದ್ದಿದೀಯಪ್ಪಾ ಅಂತ ಕೇಳಿದ್ರು ಕಣೇ ಬಿಂದು. ರಕ್ತ ಅನ್ಕಂಡು ಬಸ್ಸಿಗೇ ಹೊಂಟೋದ್ರು!" ಅಂದ ಚೇತನ್.

ಬಿಂದು ಬಂಪರಿನ ಅಂಚುಗಳಿಗೆಲ್ಲಾ ಟೇಪ್ ಅಂಟಿಸಿದಳು. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಮಿಷನ್ ಮೊದಲು ಕಚ್ಚುವುದೇ ಅಲ್ಲಿ. ಮಿಷನ್ನಿನ ವೇಗ ಇಳಿಸಿ, ಸ್ಪಂಜಿನ ಚಕ್ರವನ್ನು ಬಂಪರ್ ಮೇಲೆ ಮಟ್ಟಸವಾಗಿ ಇಟ್ಟು, ಎಲ್ಲೂ ನಿಲ್ಲಿಸದೆ ಆಡಿಸಿದಳು. ಸ್ವಲ್ಪ ಹೊತ್ತಿಗೇ ಮಿಷನ್ ಎತ್ತಿ, ಮಗುವಿನ ಜ್ವರ ನೋಡುವ ಹಾಗೆ ಹಿಂಗೈಯಿಂದ ಬಂಪರ್ ಮುಟ್ಟಿದಳು. ಬೆಚ್ಚಗಿತ್ತು. ಅದು ಆರುವ ತನಕ ಇನ್ನೊಂದು ಬದಿಗೆ ಹೋದಳು.

ಮಾವನಿಗೆ ತಡೆಯಲಾಗಲಿಲ್ಲ. "ಒತ್ತವ್ವಾ ಒತ್ತು! ಮಿಷನ್ ಹಿಡ್ದಿದೀಯೋ, ಮಗೀನ ತಲೆ ಸವರ್ತಿದೀಯೋ?"

"ತಗಡು ಬಿಸೀನ ಮೈಯೆಲ್ಲಾ ಹಂಚ್ಕಂತದೆ ಮಾವ. ಈ ಪ್ಲಾಸ್ಟಿಕ್ ಮಹಾ ಜಿಪುಣ. ಬಿಸಿ ಎಲ್ ತಗಂತದೋ ಅಲ್ಲೇ ಗಂಟ್ ಕಟ್ಟಿ ಇಟ್ಕಂತದೆ. ಮೇಲಿರೋ ಬಣ್ಣ ಬೆಂದೋಯ್ತದೆ."

"ಜಿಪುಣತನದಲ್ಲಿ ನಿಮ್ಮಪ್ಪನ್ನ ಮೀರ್ಸೈತಾ?" ಅಂದ ಮಾವ. ಕಾಫಿ ತಂದ ಸಾವಿತ್ರಮ್ಮ ಅಣ್ಣನ ಲೋಟವನ್ನು ಮಾತ್ರ ವಾಪಸ್ ತೆಗೆದುಕೊಂಡು ಹೋದಳು.

ಕಲೆ ಮಾಯವಾಗುತ್ತಾ ಬಂತು. ಎಡಮೂಲೆಯೊಂದು ಬಾಕಿ. ಅಲ್ಲಿ ಬಿಂದು ತಟ್ಟನೆ ನಿಂತಳು. ಬಣ್ಣದಲ್ಲಿ ಕೂದಲೆಳೆಯಂಥ ಏಣು, ಒಳಗೆ ಸಿಕ್ಕಿಕೊಂಡ ದೂಳಿನ ಕಣ.

"ಚೇತಣ್ಣ, ಈ ಮೂಲೆಗೆ ಮತ್ತೆ ಬಣ್ಣ ಹೊಡ್ಸಿದೀಯಾ?"

"ಇಲ್ವಲ್ಲಾ..."

"ಬಾಯ್ ಬಿಡೋ!" ಅಂದಳು ಸಾವಿತ್ರಮ್ಮ ಹೋಟೆಲಿನ ಬಾಗಿಲಿಂದಲೇ.

"ಜಾವಗಲ್ ಸಂತೇಲಿ ತೆಂಗಿನ್ಕಾಯಿ ರಾಶಿಗೆ ಒಂದ್ ಮುತ್ತು ಕೊಟ್ಟಿದ್ದೆ ಕಣಕ್ಕಾ. ಅತ್ತೇರ್ಗೆ ಹೇಳ್ಬೇಡಿ."

ಬಿಂದು ಮಿಷನ್ ಆರಿಸಿ ಕೆಳಗಿಟ್ಟಳು. ಮತ್ತೆ ಹೊಡೆಸಿದ ಬಣ್ಣ ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದಿದೆಯೋ ಇಲ್ಲವೋ ಮೇಲಿಂದ ತಿಳಿಯುವುದಿಲ್ಲ. ಬಿಸಿ ತಾಗಿದರೆ ಎದ್ದುಬಿಡಬಹುದು. ಅವಳು ಮೆತ್ತನೆ ಬಟ್ಟೆ ತೆಗೆದುಕೊಂಡಳು.

"ಏಯ್! ಮಿಷನ್ ಪರೀಕ್ಷೆ ಇದು" ಅಂದ ಮಾವ. "ಕೈಲಿ ಉಜ್ಜಿದ್ರೆ ನೀ ಸೋತಂಗೆ. ತಿಪಟೂರೇ ಗತಿ."

ಬಿಂದು ಮಿಷನ್ ಕಡೆ ಒಮ್ಮೆ ನೋಡಿದಳು. "ತಗೊಂಡೋಗು ಮಾವ. ಮಿಷನ್ ಉಳ್ಸ್ಕಳಾಕೆ ಅವನ ಕಾರ್ ಚರ್ಮ ಸುಲೀಲಾ?" ಅಂದವಳೇ ಕೈಯಲ್ಲೇ ಉಜ್ಜತೊಡಗಿದಳು.

"ಒತ್ತೋದು ಹೆಂಗೆ ಅಂತ ನಾ ತೋರಿಸ್ತೀನಿ ನೋಡು" ಎಂದು ಮಾವ ಎದ್ದ. ಗೋಡೆಗೆ ಒರಗಿಸಿದ್ದ ಗುಜರಿ ಬಂಪರ್ ಒಂದನ್ನು ಎಳೆದು, ಲಾರಿ ತಗಡಿಗೆ ಒತ್ತಿದ ಹಾಗೇ ಮೈಭಾರ ಬಿಟ್ಟು ಮಿಷನ್ ಒತ್ತಿದ. ಮೊದಲು ಫಳಫಳ ಹೊಳೆಯಿತು. "ನೋಡ್ದಾ?" ಅಂದ. ಆಮೇಲೆ ಕಮಟು ವಾಸನೆ. ನೋಡನೋಡುತ್ತಲೇ ಬಣ್ಣ ಹಾಲಿನ ಕೆನೆಯಂತೆ ಸುಕ್ಕಾಗಿ, ಕಿತ್ತು ಬಂದು, ಚಕ್ರಕ್ಕೆ ಸುತ್ತಿಕೊಂಡಿತು.

ಮೊದಲು ನಕ್ಕವನು ಮಾವನೇ. "ಅಯ್ಯೋ ಶಿವನೇ! ಇದೇನ್ಲಾ ಚೇತನ, ಬಾಳೆಹಣ್ಣಿನ ಸಿಪ್ಪೆ ಬಂದಂಗೆ ಬಂತು!" ಎಂದು ನಕ್ಕೂ ನಕ್ಕೂ ಮಂಡಿ ಹಿಡಿದುಕೊಂಡು ಕೂತುಬಿಟ್ಟ. ಕಣ್ಣೊರೆಸಿಕೊಂಡು, ಚಕ್ರದಿಂದ ಬಣ್ಣ ಬಿಡಿಸಿ ತೊಳೆದು, ಮಿಷನ್ನನ್ನು ಬಿಂದುವಿನ ಮಡಿಲಿಗೇ ಇಟ್ಟ. ಅಲ್ಲೇ ತಿಪಟೂರಿಗೆ ಫೋನ್ ಹಚ್ಚಿದ: "ಬೇರೆ ಕಡೆ ನೋಡ್ಕೊಳ್ಳಪ್ಪಾ. ನಮ್ ಮಿಷನ್‌ಗೆ ಸಂಬಂಧ ಮನೇಲೇ ಕುದುರ್ತು!"

ಚೇತನನ ಮೂಲೆಯಲ್ಲಿ ನಸುಗುಲಾಬಿಯ ಒಂದು ಎಳೆ ಉಳಿಯಿತು. ಇನ್ನೂ ಉಜ್ಜಿದರೆ ಬಣ್ಣವೇ ಹೋದೀತೆಂದು ಬಿಂದು ಬಿಟ್ಟಳು. "ಇರ್ಲಿ ಬಿಡು, ದೃಷ್ಟಿಗಾಯ್ತು" ಅಂದ ಚೇತನ್.

ಈಗ ಮಾವ ದಿನಾ ಶೆಡ್ಡಿಗೆ ಬರುತ್ತಾನೆ. ಗಿರಾಕಿ ಯಾರಾದರೂ "ಸ್ವಲ್ಪ ಒತ್ತಿ ಉಜ್ಜಮ್ಮಾ" ಅಂದರೆ ಬಿಂದುಗಿಂತ ಮೊದಲು ಅವನೇ ರೇಗುತ್ತಾನೆ! ಹಳೇಬೀಡು ನೋಡಲು ಜಾವಗಲ್ ಮೇಲೆ ಹೋಗುವವರಿದ್ದರೆ, ಬಾಣಾವರ ಬಿಟ್ಟ ತಕ್ಷಣ ಎಡಗಡೆ ನೀಲಿ ಶೆಡ್ ಸಿಗುತ್ತದೆ. ಕಾರಿಲ್ಲದಿದ್ದರೂ ಪರವಾಗಿಲ್ಲ, ಬಸ್ಸಿಳಿದು ಬಿಂದುಶ್ರೀಯನ್ನೂ ಅವಳ ಮಾವನನ್ನೂ ಒಮ್ಮೆ ಮಾತಾಡಿಸಿ ಬನ್ನಿ.