ಮೂರನೇ ಸಲದ ಉಪಚಾರ

ನಮ್ಮ ಮನೆಯಲ್ಲಿ ಕುಡಿದು ಗಾಡಿ ಓಡಿಸಿಕೊಂಡು ಹೋದವರು ದಾರಿಯಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದರೆ, ಲೋಟ ತುಂಬಿಸಿಕೊಟ್ಟ ತಪ್ಪಿಗೆ ನಾವೂ ಜೈಲಿಗೆ ಹೋಗಬೇಕಂತೆ. ಗಂಡನ ಕೆಲಸಕ್ಕೆಂದು ಜಪಾನಿನ ಹಮಾಮಾತ್ಸು ಊರಿಗೆ ಬಂದ ಹೊಸದರಲ್ಲಿ ಭಾಷೆ ಕಲಿಸುವ ಟೀಚರು ಹೀಗೆ ಹೇಳಿದಾಗ ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ. ಓಡಿಸಿದವನಿಗೆ ಐದು ವರ್ಷದವರೆಗೆ, ಕುಡಿಸಿದವನಿಗೂ ಪಕ್ಕದಲ್ಲಿ ಕೂತು ಹೋದವನಿಗೂ ಮೂರು ವರ್ಷದವರೆಗೆ ಜೈಲು. ನಮ್ಮಂಥ ಹೊರಗಿನವರಾದರೆ ಊರಿಗೇ ಗಂಟುಮೂಟೆ ಕಟ್ಟಬೇಕಾಗಬಹುದು.

ನಮ್ಮ ಕಡೆ ಏನಿದ್ದರೂ ಓಡಿಸಿದವನ ಪಾಡು. ನಮ್ಮಣ್ಣ ಒಮ್ಮೆ ಗೆಜ್ಜಲಗೆರೆ ಹತ್ತಿರ ಬೈಕಲ್ಲಿ ಸಿಕ್ಕಿಬಿದ್ದ. ಊದಿಸಿದರು, ಮದ್ದೂರು ಕೋರ್ಟಲ್ಲಿ ಹತ್ತು ಸಾವಿರ ದಂಡ ಹಾಕಿದರು, ಲೈಸೆನ್ಸು ಅಮಾನತಾಯಿತು. ಅವನಿಗೆ ಕುಡಿಸಿ ಕಳಿಸಿದ ಭಾವಮೈದ ಮಾತ್ರ, "ನಮ್ಮನೇಲಿ ಉಪಚಾರಕ್ಕೇನ್ ಕಮ್ಮಿ ಆಗ್ಲಿಲ್ಲ ಬುಡು" ಅಂತ ಮೀಸೆ ತಿರುವಿಕೊಂಡು ಓಡಾಡಿದ. ಮಂಡ್ಯ ಕಡೆಯ ನಮ್ಮೂರು ಚಿಕ್ಕರಸಿನಕೆರೆಯಲ್ಲಿ ಉಪಚಾರ ಅಂದರೆ ಹಾಗೇ. ಬೇಡ ಅಂದವರಿಗೆ ಹಾಕಬೇಕು, ಎಲೆಗೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಹಾಕಬೇಕು. ಮೊದಲ ಎರಡು 'ಬೇಡ' ಲೆಕ್ಕಕ್ಕೇ ಇಲ್ಲ. ಇಲ್ಲಿ ಜಪಾನಿನವರು ಒಂದೇ ಸಲ ಕೇಳುತ್ತಾರೆ, ಬೇಡ ಅಂದರೆ ನಂಬಿಬಿಡುತ್ತಾರೆ. ನನಗೆ ಅಮ್ಮನ ಕೈಯ ಸೌಟು ಎಷ್ಟು ಸಲ ನೆನಪಾಗಿದೆಯೋ.

ಒಂದು ಭಾನುವಾರ ನಮ್ಮವರ ಕಾರ್ಖಾನೆಯ ಹಿರಿಯರು ಮೊರಿತಾ-ಸಾನ್ ಅವರನ್ನು ಮಧ್ಯಾಹ್ನದ ಬಾಡೂಟಕ್ಕೆ ಕರೆದಿದ್ದೆವು. ಸಾನ್ ಅಂದರೆ ಹೆಸರಿನ ಕೊನೆಗೆ ಸೇರಿಸುವ ಮರ್ಯಾದೆ. ನಾನು ಒಳಗೆ ಮುದ್ದೆ ಕಟ್ಟಿ ಹೊರಗೆ ಬರುವಷ್ಟರಲ್ಲಿ ಅವರ ಮುಂದಿದ್ದ ಬಿಯರ್ ಲೋಟ ಖಾಲಿಯಾಗಿತ್ತು. ಕಿಟಕಿಯಾಚೆ ಅವರ ಬಿಳಿ ಕಾರು ನಿಂತಿತ್ತು. ನಮ್ಮವರತ್ತ ತಿರುಗಿದೆ.

"ಏನ್ ಮಾಡ್ದ್ರಿ? ಕಾರ್ ತಂದವ್ರೆ ಕಣ್ರೀ."

"ಬ್ಯಾಡ ಅಂದ್ರು ಕಣಮ್ಮಿ, ನಾಚ್ಕತಾವ್ರೆ ಅನ್ಕಂಡೆ. ಮೂರನೇ ಸಲಕ್ಕೆ ಕುಡುದ್ರು."

ಜೈಲು, ವಿಮಾನ, ಮಂಡ್ಯದಲ್ಲಿ ಜನ ಆಡಿಕೊಳ್ಳುವುದು, ಎಲ್ಲ ಒಟ್ಟಿಗೇ ನನ್ನ ಕಣ್ಣಮುಂದೆ ಬಂತು. ಊಟ ಮುಗಿಸಿದ ಮೊರಿತಾ-ಸಾನ್ ಜೇಬಿಗೆ ಕೈ ಹಾಕಿ ಕಾರಿನ ಕೀ ತೆಗೆದರು. ಬಾಗಿಲಿಗೆ ಅಡ್ಡ ನಿಲ್ಲೋಣವೆಂದು ಎದ್ದೆ. ಅವರು ಕೀಯನ್ನು ಎರಡೂ ಕೈಯಲ್ಲಿ ಹಿಡಿದು ನನಗೇ ಕೊಟ್ಟರು.

"ಸಂಜೆಯವರೆಗೆ ಇದು ನಿಮ್ಮ ಹತ್ತಿರ ಇರಲಿ. ಕುಡಿಯಬಾರದಿತ್ತು, ಗೊತ್ತು. ಆದರೆ ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು ಯಾರೂ ಎರಡನೇ ಸಲ ಕೇಳಿರಲಿಲ್ಲ."

ನಮ್ಮವರು ಎದ್ದು ಚಾಪೆ ಹಾಸಿದರು. ಮೊರಿತಾ-ಸಾನ್ ಅದರ ಮೇಲೆ ಒಂದು ನಿದ್ದೆ ತೆಗೆದು ಎದ್ದರು. ಸಂಜೆ ದೈಕೋದವರು ಬಂದರು. ಕುಡಿದವರ ಪರವಾಗಿ ಕಾರು ಓಡಿಸಿಕೊಡುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಇಬ್ಬರು ಬರುತ್ತಾರೆ, ಒಬ್ಬ ನಿಮ್ಮ ಕಾರಿನಲ್ಲಿ ನಿಮ್ಮನ್ನು ಮನೆಗೆ ಬಿಡುತ್ತಾನೆ, ಇನ್ನೊಬ್ಬ ತಮ್ಮ ಕಾರಿನಲ್ಲಿ ಹಿಂದೆ ಹೋಗಿ ಅವನನ್ನು ಕರೆತರುತ್ತಾನೆ. ನಮ್ಮ ಹೆದ್ದಾರಿಯಲ್ಲೂ ಹೀಗೆ ಯಾರಾದರೂ ಇದ್ದಿದ್ದರೆ ಅಣ್ಣ ಕೋರ್ಟು ನೋಡುತ್ತಿರಲಿಲ್ಲವೇನೋ. ಅಂದಿನಿಂದ ನಾವೂ ಒಂದೇ ಸಲ ಕೇಳುವುದನ್ನು ರೂಢಿ ಮಾಡಿಕೊಂಡೆವು. ಕಷ್ಟವಾಯಿತು, ಆದರೂ ಕಲಿತೆವು.

ಹೋದ ರಜೆಯಲ್ಲಿ ತವರಿಗೆ ಹೋಗಿದ್ದೆ. ಭಾರತೀನಗರದಿಂದ ಅಣ್ಣ ನನ್ನನ್ನು ನೋಡಲು ಬಸ್ಸಲ್ಲಿ ಬಂದ. ಅಮ್ಮ ಅಕ್ಕಪಕ್ಕದವರನ್ನು ಮಾತಾಡಿಸುತ್ತಿದ್ದಳು, ನಾನೇ ಬಡಿಸಿದೆ.

"ಇನ್ನೊಂದ್ ಮುದ್ದೆ ಹಾಕ್ಲಾ ಅಣ್ಣ?"

"ಬ್ಯಾಡ ಕಣವ್ವ."

ಸರಿ ಅಂತ ಪಾತ್ರೆ ಮುಚ್ಚಿದೆ. ಅಣ್ಣ ಒಂದು ಗಳಿಗೆ ತಟ್ಟೆ ನೋಡುತ್ತಾ ಕೂತಿದ್ದು, ಕೈ ತೊಳೆದು ಎದ್ದ. ಅವನು ಹೋದ ಮೇಲೆ ಅಮ್ಮ ಪಾತ್ರೆ ತೆಗೆದು ನೋಡಿದಳು.

"ಎಲ್ಲಾ ಅಂಗೇ ಅದಲ್ಲವ್ವ. ಅವ್ನು ಅರೆವೊಟ್ಟೇಲಿ ಎದ್ದೋದ."

ನಾನು ಬಸ್ ಸ್ಟಾಪಿನವರೆಗೂ ಓಡಿದೆ. ಬಸ್ಸು ಹೊರಟುಹೋಗಿತ್ತು.