ಬಸ್ರಾದ ತಟ್ಟೆ

ಜರ್ಮನಿಯ ಯುದ್ಧ ಮುಗಿದ ಹೊಸದರಲ್ಲಿ ನಾನು ರಾಯದುರ್ಗದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಊರಿಗೆ ಬಿಳಿ ದೊರೆಯೊಬ್ಬರು ಬರುವವರಿದ್ದರು. ಸಾಮ್ರಾಜ್ಯಕ್ಕೂ ಲೋಕಕ್ಕೂ ಇರುವ ನಂಟನ್ನು ತೋರಿಸುವ ಪ್ರದರ್ಶನವೊಂದನ್ನು ಶಾಲೆಯ ಹಜಾರದಲ್ಲಿ ಅಣಿಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಹಜಾರಕ್ಕೆ ಇದ್ದದ್ದು ಒಂದೇ ಬಾಗಿಲು. "ಬರೋರು ಹೋಗೋರು ಡಿಕ್ಕಿ ಹೊಡೀಬಾರದು ನೋಡ್ರಿ" ಎಂದು ಹೆಡ್‌ಮಾಸ್ತರರು ಎಚ್ಚರಿಸಿದ್ದರು. ನೆಲದ ಮೇಲೆ ಗೆರೆ ಎಳೆದು, ಅಳಿಸಿ ಸಾಕಾಗಿ ಕೊನೆಗೆ ಗುಡಿಯ ಉಪಾಯವನ್ನೇ ಹಿಡಿದೆ. ನಡುವೆ ಪೀಠ, ಅದರ ಮೇಲೆ ಚಕ್ರವರ್ತಿಯ ಪಟ. ಗೋಡೆಗುಂಟ ದೇಶಕ್ಕೊಂದು ತಟ್ಟೆ: ರಂಗೂನಿನ ಅಕ್ಕಿ, ಸಿಲೋನಿನ ಚಹಾ, ಬಸ್ರಾದ ಖರ್ಜೂರ. ಪ್ರತಿ ತಟ್ಟೆಯಿಂದ ಪಟಕ್ಕೆ ಕೆಂಪು ದಾರ. ಪಟವನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದರೆ ಮತ್ತೆ ಬಾಗಿಲು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ದಿನ ದೊರೆಯ ಜೊತೆಗೆ ಊರ ಜನವೂ ಬಂದರು. ಯಾರೂ ಹೇಳದೆಯೇ ಮೆಟ್ಟು ಹೊರಗೆ ಬಿಟ್ಟರು, ಸುತ್ತು ಹಾಕಿದರು, ಪಟಕ್ಕೆ ಕೈ ಮುಗಿದರು. ದೊರೆಯ ಮುಖ ಅರಳಿತು. ಇದು ಪೂಜೆಯಾದೀತೆಂದು ನಾನು ಎಣಿಸಿರಲಿಲ್ಲ. ಪ್ರದಕ್ಷಿಣೆಯ ದಾರಿ ಹಾಕಿಕೊಟ್ಟು, ಅಡ್ಡ ಬೀಳಬೇಡಿ ಎಂದರೆ ಯಾರು ಕೇಳಿಯಾರು? ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಆಗ ಅವ್ವ ಬಂದಳು. ಮಗನ ಕೈಕೆಲಸ ನೋಡಬೇಕೆಂದು ಮಡಕಶಿರಾದ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದಳು. ನನ್ನಣ್ಣ ಚಕ್ರವರ್ತಿಯ ಫೌಜಿನ ಸಾಮಾನು ಹೊರುವ ಹೇಸರಗತ್ತೆಗಳನ್ನು ಹೊಡೆಯಲು ಕಡಲಾಚೆಯ ಬಸ್ರಾಕ್ಕೆ ಹೋದವನು. ಯುದ್ಧ ಮುಗಿದರೂ ಅವನ ಸುದ್ದಿಯಿರಲಿಲ್ಲ. "ಬಸ್ರಾ ಯಾವುದಪ್ಪಾ?" ಎಂದಳು. ತಟ್ಟೆ ತೋರಿಸಿದೆ. ಅವಳು ಅಲ್ಲಿಂದ ದಾರವನ್ನು ಬೆರಳಲ್ಲಿ ಸವರುತ್ತ ಪಟದವರೆಗೂ ಹೋಗಿ ಅಡ್ಡ ಬಿದ್ದಳು.

"ಕರ್ಕಂಡೋದೋನು ನೀನೇ, ನೀನೇ ತಂದು ಬಿಡಪ್ಪಾ ನನ್ನ ಮಗನ್ನ."

ಕನ್ನಡ ಬಾರದ ದೊರೆ ಚಪ್ಪಾಳೆ ತಟ್ಟಿ, ತಟ್ಟೆಯಿಂದ ಒಂದು ಖರ್ಜೂರ ಎತ್ತಿ ಅವಳ ಕೈಗಿಟ್ಟರು. ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ, "ನಿಮ್ಮ ತಾಯಿಯವರೇನ್ರಿ? ಭಾಳ ಚಲೋ ಕಲಿಸಿ ಕರಕೊಂಡು ಬಂದೀರಿ ಬಿಡ್ರಿ" ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೊರಗೆ ಬಂದು ಅವ್ವ ಆ ಹಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ತಿನ್ನು ಎಂದೆ.

"ಅವ್ನಿರೋ ಊರಿನ ಪರ್ಸಾದ ಕಣಪ್ಪಾ ಇದು. ಅವ್ನು ಬಂದ್ಮೇಲೆ ಇಬ್ರೂ ತಿಂತೀವಿ."

ಅದು ನಾನು ಬಳ್ಳಾರಿಯ ಪೇಟೆಯಲ್ಲಿ ಕೊಂಡು ತಂದ ಖರ್ಜೂರ. ನಾಚಿಕೆಯಿಂದ ಅವಳ ಮುಖ ನೋಡಲಾರದೆ ಆ ಗಂಟನ್ನೇ ನೋಡುತ್ತ ನಿಂತೆ.